ಸಂಪಾದಕರ ಉತ್ತರ: ರೊಟ್ಟಿ ಮಾರುವುದಕ್ಕೆ ಹೆದರಿಕೆ ಏಕೆ?

‘ಸಂಪಾದಕರಿಗೆ ನಮಸ್ಕಾರ. ನನಗೆ 41 ವರ್ಷ. ಹುಬ್ಬಳ್ಳಿಯ ಖಾಸಗಿ ಕಚೇರಿಯೊಂದರಲ್ಲಿ ಹದಿನಾರು ವರ್ಷಗಳಿಂದ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಈಚೆಗೆ ಶನಿವಾರ, ಭಾನುವಾರ ಸಹಾಯಕ್ಕೆ ಒಬ್ಬಾಕೆಯನ್ನು ಇಟ್ಟುಕೊಂಡು ದಿನಕ್ಕೆ 150 ಕಡಕ್ ರೊಟ್ಟಿ ಮಾಡಿ, ಪರಿಚಯದವರಿಗೆ 9 ರೂಪಾಯಿಗೊಂದರಂತೆ ಕೊಡುತ್ತಿದ್ದೇನೆ. ಖರ್ಚು 4 ರೂಪಾಯಿ, ಉಳಿತಾಯ 5 ರೂಪಾಯಿ. ಶೇಂಗಾ ಚಟ್ನಿಪುಡಿಯನ್ನೂ ಮಾಡುತ್ತೇನೆ, ಅದು ಉಳಿಯುವುದೇ ಇಲ್ಲ. ನೌಕರಿ ಬಿಟ್ಟು ಇದನ್ನೇ ಮಾಡಬೇಕೆಂಬ ಆಸೆ. ಆದರೆ “ಇದ್ದ ನೌಕರಿ ಬಿಟ್ಟು ರೊಟ್ಟಿ ಬಡಿಯಾಕ ಕುಂತಾಳ” ಅಂತ ಮಂದಿ ಆಡಿಕೊಂಡರೆ? ಮಗಳು ಬೇರೆ ಪಿಯುಸಿ ಓದುತ್ತಿದ್ದಾಳೆ. ರಾತ್ರಿ ನಿದ್ದೆ ಬರುವುದಿಲ್ಲ. ನೌಕರಿ ಯಾವಾಗ ಬಿಡಲಿ? ಭಯ ಹೋಗಲಾಡಿಸುವ ಒಳ್ಳೆಯ ಪುಸ್ತಕವಿದ್ದರೆ ತಿಳಿಸಿ. ದಯವಿಟ್ಟು ಹೆಸರು ಹಾಕಬೇಡಿ.’

— ಓದುಗರು, ಹುಬ್ಬಳ್ಳಿ

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಆದರೆ ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ ಎರಡೂ ಇರಬೇಕೆಂದು ಕಾನೂನೇ ಹೇಳುತ್ತದೆ. ಈಗಿನಿಂದಲೇ ರೂಢಿ ಮಾಡಿಕೊಂಡರೆ ಒಳ್ಳೆಯದು.

ಪುಸ್ತಕದ ವಿಷಯ ಮೊದಲು ಮುಗಿಸಿಬಿಡೋಣ. ಹೇಳುವುದಿಲ್ಲ. ವಿಮರ್ಶೆಗೆಂದು ನಮ್ಮ ಮೇಜಿಗೆ ಬಂದು ಬೀಳುವ ಪುಸ್ತಕಗಳಲ್ಲಿ ಈ ಜಾತಿಯವೇ ಒಂದು ಗುಡ್ಡೆ. ಮುಖಪುಟದಲ್ಲಿ ಬೆಟ್ಟದ ತುದಿಯ ಮೇಲೆ ಒಬ್ಬ ಕೈ ಚಾಚಿ ನಿಂತಿರುತ್ತಾನೆ, ಹಿಂದೆ ಸೂರ್ಯ ಹುಟ್ಟುತ್ತಿರುತ್ತಾನೆ. ಒಳಗೆ ಇನ್ನೂರು ಪುಟ ‘ನಿಮ್ಮಿಂದ ಆಗುತ್ತದೆ’ ಎಂಬ ಒಂದೇ ಮಾತು. ಏನು ಆಗುತ್ತದೆ, ಎಷ್ಟರಲ್ಲಿ ಆಗುತ್ತದೆ, ಕಿಲೋ ಜೋಳಕ್ಕೆ ಎಷ್ಟು ಕೊಟ್ಟರೆ ಗಿಟ್ಟುತ್ತದೆ ಎಂಬುದು ಒಂದು ಪುಟದಲ್ಲೂ ಇರುವುದಿಲ್ಲ. ಭಾನುವಾರ ಸಭಾಂಗಣ ಬಾಡಿಗೆ ಹಿಡಿದು ಕೂಗಾಡುವ ಸ್ಫೂರ್ತಿ ಭಾಷಣಕಾರರೂ ಅಷ್ಟೆ. ‘ಧುಮುಕಿಬಿಡಿ’ ಎನ್ನುತ್ತಾರೆ. ಅವರು ಧುಮುಕಿದ್ದು ಭಾಷಣದ ವ್ಯಾಪಾರಕ್ಕೆ. ಅದರಲ್ಲಿ ಕಚ್ಚಾಮಾಲಿನ ಖರ್ಚಿಲ್ಲ.

ನಿಮ್ಮ ಪತ್ರವನ್ನು ಸ್ವಲ್ಪ ಕೊಂಕಿನಿಂದಲೇ ಓದಿದೆ, ಕ್ಷಮಿಸಿ. ಮಂದಿ ಆಡಿಕೊಂಡರೆ ಎಂಬ ಮಾತು ಮೊದಲು ಬಂದಿದೆ, ಮಗಳ ಓದು ಆಮೇಲೆ. ಹಾಕಿದ ಹಣ ಮುಳುಗಿದರೆ ಎಂಬ ಮಾತಂತೂ ಎಲ್ಲಿಯೂ ಇಲ್ಲ! ಹದಿನಾರು ವರ್ಷ ಲೆಕ್ಕ ಬರೆದವರಿಗೆ ನಷ್ಟದ ಭಯವೇ ಇಲ್ಲ, ಓಣಿಯ ಭಯ ಇದೆ. ಇರಬೇಕಾದ ಭಯ ಇಲ್ಲ, ಇರಬಾರದ್ದು ನಿದ್ದೆ ಕೆಡಿಸುತ್ತಿದೆ.

ಸಂಬಳದ ನೌಕರಿಯನ್ನು ನಾನು ಹಳಿಯುತ್ತಿಲ್ಲ. ತಿಂಗಳ ಮೊದಲ ವಾರ ಖಾತೆಗೆ ಬಂದು ಬೀಳುವ ಹಣ, ಭವಿಷ್ಯ ನಿಧಿ, ಜ್ವರ ಬಂದರೆ ರಜೆ, ಇವೆಲ್ಲ ದೊಡ್ಡ ಸವಲತ್ತುಗಳೇ. ಇಷ್ಟು ಹೇಳಿ ನೌಕರಿಗೊಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ.

ಹನ್ನೆರಡನೇ ಶತಮಾನದ ಶರಣರ ಹೆಸರುಗಳನ್ನೇ ನೋಡಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ. ಬಟ್ಟೆ ಒಗೆದವರು, ದೋಣಿ ನಡೆಸಿದವರು, ಬುಟ್ಟಿ ಹೆಣೆದವರು, ಹಗ್ಗ ಹೊಸೆದವರು. ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡು ತಲೆಯೆತ್ತಿ ಬದುಕಿದರು. ಸರ್ಕಾರ ಅವರ ಜಯಂತಿ ಮಾಡುತ್ತದೆ, ನಾವು ಹೋಗಿ ಹಾರ ಹಾಕುತ್ತೇವೆ. ಅದೇ ಸಂಜೆ ಮನೆಗೆ ಬಂದು, ‘ಹುಡುಗ ನೌಕರಿಯಲ್ಲಿದ್ದಾನೋ, ಅಂಗಡಿ ಇಟ್ಟಿದ್ದಾನೋ’ ಎಂದು ವಿಚಾರಿಸಿ ಅಂಗಡಿಯವನ ಜಾತಕವನ್ನು ಬದಿಗಿಡುತ್ತೇವೆ. ನಿಮ್ಮ ಪಕ್ಕದ ಧಾರವಾಡಕ್ಕೆ ಒಮ್ಮೆ ಹೋಗಿ ಬನ್ನಿ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಸುತ್ತ, ಬಾಡಿಗೆ ಕೋಣೆಗಳಲ್ಲಿ, ಇಪ್ಪತ್ತೆಂಟು ದಾಟಿದ ಹುಡುಗ ಹುಡುಗಿಯರು ಊರಿಂದ ಬರುವ ಹಣದಲ್ಲಿ ಕಾಯುತ್ತ ಕೂತಿದ್ದಾರೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರಲ್ಲಿ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಬರೆದವರ ಎರಡು ವರ್ಷದ ಆಯುಸ್ಸನ್ನು ಯಾರು ತಂದುಕೊಡುತ್ತಾರೆ? ಆದರೂ ಅದು ‘ಸೇಫ್’ ದಾರಿ. ಅವರಲ್ಲೊಬ್ಬ ಆ ಎರಡು ವರ್ಷ ಮಿರ್ಚಿ ಬಂಡಿ ಹಚ್ಚಿದ್ದರೆ, ‘ಇಷ್ಟು ಓದಿ ಹಾಳಾದ’ ಎನ್ನುತ್ತಿದ್ದೆವು.

ನನ್ನ ಸೋದರಮಾವ ಸಣ್ಣ ಊರೊಂದರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಕೆಳಗೆ ಉದ್ರಿ ಪುಸ್ತಕಗಳು ಸಿಕ್ಕವು. ತಿರುವಿ ಹಾಕಿದರೆ ಊರಿನ ಸಂಬಳದಾರರೆಲ್ಲ ಅದರಲ್ಲಿ ಹಾಜರು: ಮೇಷ್ಟ್ರು, ಗ್ರಾಮಲೆಕ್ಕಿಗರು, ಆಸ್ಪತ್ರೆಯ ಕಾಂಪೌಂಡರು, ಬ್ಯಾಂಕಿನ ಗುಮಾಸ್ತರು. ಇಪ್ಪತ್ತನೇ ತಾರೀಖಿನ ನಂತರ ಆ ಮನೆಗಳ ಒಲೆ ಉರಿಯುತ್ತಿದ್ದದ್ದು ಮಾವನ ಅಂಗಡಿಯಿಂದ. ಅದೇ ಮನೆಗಳಲ್ಲಿ ಮಕ್ಕಳಿಗೆ, ‘ಸರಿಯಾಗಿ ಓದದಿದ್ದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕಾದೀತು’ ಎಂದು ಹೆದರಿಸುತ್ತಿದ್ದರು. ಮಾವನ ಅಂಗಡಿಗೆ ಗಿರಾಕಿಗಳ ಕೊರತೆ ಎಂದೂ ಇರಲಿಲ್ಲ. ಅದು ಮುಚ್ಚಿದ್ದು ಆ ಪುಸ್ತಕಗಳಿಂದ.

ಆದ್ದರಿಂದ ಮಂದಿ ಆಡಿಕೊಳ್ಳಲಿ, ಉದ್ರಿ ಮಾತ್ರ ಕೊಡಬೇಡಿ. ಪರಿಚಯದವರೇ ಗಿರಾಕಿಗಳು ಎಂದಿದ್ದೀರಿ. ‘ಅಕ್ಕಾ, ಮುಂದಿನ ವಾರ ಸೇರಿಸಿ ಕೊಡ್ತೀನಿ’ ಎನ್ನುವವರು ಅವರೇ. ಅಪರಿಚಿತರು ದುಡ್ಡು ಕೊಟ್ಟು ಒಯ್ಯುತ್ತಾರೆ, ರೊಟ್ಟಿ ಬಿರುಸಾಗಿದ್ದರೆ ಮುಖದ ಮೇಲೆ ಹೇಳುತ್ತಾರೆ. ನಿಮ್ಮ ರೊಟ್ಟಿ ನಿಜಕ್ಕೂ ಚೆನ್ನಾಗಿದೆಯೇ ಎಂಬುದನ್ನು ಅವರಿಂದ ತಿಳಿಯಬೇಕು. ನಾದಿನಿಯ ಹೊಗಳಿಕೆಯಿಂದ ತಿಳಿಯುವುದಿಲ್ಲ.

ಈಗ ಆ ‘ಉಳಿತಾಯ 5 ರೂಪಾಯಿ’ಗೆ ಬರೋಣ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. ಕಿಲೋ ಹಿಟ್ಟಿಗೆ ಇಪ್ಪತ್ತರ ಆಸುಪಾಸು ರೊಟ್ಟಿ ಎಂದು ಹಿಡಿದರೆ, ನೀವು ಬರೆದ 4 ರೂಪಾಯಿ ಹಿಟ್ಟು ಮತ್ತು ಗ್ಯಾಸಿಗೇ ಮುಗಿಯುತ್ತದೆ. ಸಹಾಯಕ್ಕೆ ಬರುವಾಕೆಗೆ ಎಷ್ಟು ಕೊಡುತ್ತೀರಿ? ಬರೆದಿಲ್ಲ. ರೊಟ್ಟಿಗೆ 2 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 300. ಕವರು, ಆಟೋ ಸೇರಿ 100 ಎನ್ನಿ. ಕಡಕ್ ರೊಟ್ಟಿ ಮುರಿಯದೆ ಇರುವುದಿಲ್ಲ. ಹತ್ತು ಮುರಿದರೆ 90 ಹೋಯಿತು. ನೀವು ಉಳಿತಾಯ ಎಂದುಕೊಂಡಿರುವ 750ರಲ್ಲಿ ಕೈಗೆ ಬರುವುದು 260. ನಸುಕಿನಿಂದ ಎಂಟು ಗಂಟೆ ದುಡಿದಿರೆಂದರೆ ಗಂಟೆಗೆ 32 ರೂಪಾಯಿ ಚಿಲ್ಲರೆ. ಹಿಂಗಾರಿ ಮಳೆ ಕೈಕೊಟ್ಟು ಬಿಳಿಜೋಳ ಏರಿದ ವರ್ಷ ಅದೂ ಇಲ್ಲ. ಊರವರ ಲೆಕ್ಕವನ್ನೆಲ್ಲ ಪೈಸೆ ಬಿಡದೆ ಬರೆದವರು ನಿಮ್ಮ ದುಡಿಮೆಯನ್ನು ಮಾತ್ರ ಸೊನ್ನೆ ಎಂದು ಬರೆದಿದ್ದೀರಿ. ನಮ್ಮ ಹೆಣ್ಣುಮಕ್ಕಳಿಗೆ ಈ ಪಾಠ ಹೇಳಿಕೊಟ್ಟವರು ಯಾರು ಎಂದು ಕೇಳುತ್ತ ಹೋದರೆ ಈ ಸಂಚಿಕೆಯ ಪುಟಗಳು ಸಾಲುವುದಿಲ್ಲ.

ಗಾಬರಿಯಾಗಬೇಡಿ. ನಿಮ್ಮ ಪತ್ರದ ನಿಜವಾದ ಸುದ್ದಿ ಬೇರೆ ಕಡೆ ಇದೆ, ಅದನ್ನು ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ. ‘ಚಟ್ನಿಪುಡಿ ಉಳಿಯುವುದೇ ಇಲ್ಲ.’

ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರ ಕಥೆ ಕೇಳಿರಬಹುದು. ಮುಂಬೈಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದು, 1984ರಲ್ಲಿ ಜುಹುವಿನಲ್ಲಿ ಸಣ್ಣದೊಂದು ಅಂಗಡಿ ತೆರೆದರು. ಮಾರಬೇಕೆಂದಿದ್ದದ್ದು ಹಣ್ಣಿನ ತಿರುಳಿನ ಐಸ್‌ಕ್ರೀಮ್. ಆದರೆ ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂಬ ಅಳುಕು ಅವರಿಗೂ ಇತ್ತು. ಅದಕ್ಕೇ ಪಾವ್ ಭಾಜಿ ಇಟ್ಟರು. ಖಾರ ತಿಂದವರು ಐಸ್‌ಕ್ರೀಮ್ ಕೇಳಿದರು. ಐಸ್‌ಕ್ರೀಮ್ ತನ್ನ ಕಾಲ ಮೇಲೆ ನಿಂತಾಗ ಪಾವ್ ಭಾಜಿಯನ್ನು ನಿಲ್ಲಿಸಿದರು. 2024ರಲ್ಲಿ ಅವರು ತೀರಿಕೊಂಡಾಗ ಅವರ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಮಳಿಗೆಗಳು ದೇಶದ ಹಲವು ನಗರಗಳಲ್ಲಿದ್ದವು. ನನ್ನ ಗುಮಾನಿ ಏನೆಂದರೆ ನಿಮ್ಮ ರೊಟ್ಟಿಯೇ ಪಾವ್ ಭಾಜಿ, ಚಟ್ನಿಪುಡಿಯೇ ಐಸ್‌ಕ್ರೀಮ್. ಪುಡಿ ಮುರಿಯುವುದಿಲ್ಲ, ಬೇಗ ಕೆಡುವುದಿಲ್ಲ, ಕೊರಿಯರಿನಲ್ಲಿ ಹೋಗುತ್ತದೆ, ಒಂದು ದಿನ ಕೂತು ಹುರಿದು ಪುಡಿ ಮಾಡಿದರೆ ವಾರ ಮಾರಬಹುದು. ಬೆಂಗಳೂರಿನ ಎಂಟಿಆರ್ ಕೂಡ ಪೊಟ್ಟಣದ ದಾರಿ ಹಿಡಿದದ್ದು ಇಕ್ಕಟ್ಟಿನಲ್ಲೇ. ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ದರವನ್ನು ಸರ್ಕಾರ ಇಳಿಸಿದಾಗ, ಆ ದರಕ್ಕೆ ಆ ರುಚಿ ಕೊಡಲಾಗದೆ ನಷ್ಟ ಅನುಭವಿಸಿ, ರವೆ ಇಡ್ಲಿಯಂಥವುಗಳ ಮಿಕ್ಸ್ ಮಾರುವತ್ತ ತಿರುಗಿತು. ಅವರಿಗೆ ಆಗ ಭಯ ಇರಲಿಲ್ಲ ಎಂದುಕೊಂಡಿರಾ?

ಬಂಡವಾಳದ ಮಾತಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದಾಗ, 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಶುರುವಾಯಿತು: ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ಕೂಲಿಯವರು, ಬಂಡಿಯವರು ಅದರಿಂದಲೇ ಬಂಡವಾಳ ಕೂಡಿಸಿದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಈಗ ಸಣ್ಣ ಸಾಲ ಕೇಳಿಕೊಂಡು ಯಾವ ಬ್ಯಾಂಕಿಗಾದರೂ ಹೋಗಿ ನೋಡಿ. ಐವತ್ತು ಸಾವಿರದವರೆಗಿನ ಮುದ್ರಾ ‘ಶಿಶು’ ಸಾಲಕ್ಕೆ ಅಡಮಾನ ಬೇಡ ಎಂದು 2015ರಿಂದ ಗೋಡೆಯ ಮೇಲೆ ಬರೆದಿದೆ. ಮೇಜಿನ ಆಚೆಯವರು ‘ಜಾಮೀನಿಗೆ ಸರ್ಕಾರಿ ನೌಕರರು ಯಾರಿದ್ದಾರೆ’ ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬ್ಯಾಂಕಿನೊಳಗೂ ಅದೇ ನೌಕರಿಯ ಪೂಜೆ.

ಆಹಾರ ಸಂಸ್ಕರಣೆಯ ಕಿರು ಉದ್ದಿಮೆಗಳಿಗೆ ಕೇಂದ್ರದ ಯೋಜನೆ 2020ರಲ್ಲಿ ಬಂತು. ಶೇ 35 ಸಹಾಯಧನ. ರಾಜ್ಯ ತನ್ನ ಪಾಲು ಸೇರಿಸಿ ಶೇ 50 ಮಾಡಿತು. ಈಗಲೂ ಇದೆಯೇ ವಿಚಾರಿಸಿ. ಆದರೆ ಸಬ್ಸಿಡಿ ಬಂತೆಂದು ದೊಡ್ಡ ಯಂತ್ರ ತಂದು, ಮಾರುಕಟ್ಟೆಯಿಲ್ಲದೆ ಅದರ ಮೇಲೆ ಬಟ್ಟೆ ಹೊದಿಸಿಟ್ಟವರನ್ನು ಕಂಡಿದ್ದೇನೆ. ನಿಮಗೆ ಸದ್ಯ ಬೇಕಾದದ್ದು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ. ಸಣ್ಣವರಿಗೆ ಶುಲ್ಕ ಕಡಿಮೆ, ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿರುವ ‘ಉದ್ಯಮ್’ ನೋಂದಣಿ ಪುಕ್ಕಟೆ; ಮಾಡಿಸಿಕೊಡುತ್ತೇನೆಂದು ಸಾವಿರ ಕೇಳುವವರನ್ನು ಬಾಗಿಲಿಂದಲೇ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ, ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟಿ ಸಂಸ್ಥೆಯ ಶಾಖೆ ಧಾರವಾಡದಲ್ಲೂ ಇದೆ, ತರಬೇತಿಗೆ ದುಡ್ಡಿಲ್ಲ. ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಇದೇ. ನಮ್ಮ ನೆಲದಲ್ಲಿ ಹುಟ್ಟಿದ ಇದರ ಹೆಸರು, ಕೋಚಿಂಗ್ ಸೆಂಟರುಗಳ ಹೆಸರು ಬಾಯಿಪಾಠವಿರುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಇಷ್ಟೆಲ್ಲ ಮಾಡಿದರೂ ಸರ್ಕಾರ ನಿಮ್ಮ ಬೆನ್ನಿಗಿರುತ್ತದೆ ಎಂದು ನಂಬಬೇಡಿ. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಜಮೆ ನೋಡಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟಿಸ್. ಬೇಕರಿ, ಚಹಾ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ನೇತಾಡಿದವು. ಬಂದ್‌ಗೆ ಕರೆ ಕೊಟ್ಟ ಮೇಲೆ ಮುಖ್ಯಮಂತ್ರಿಗಳು ಕರೆದು ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ವರ್ಷಕ್ಕೆ 40 ಲಕ್ಷದವರೆಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆ ಬೀಳುವ ಸರಕು ಪುಣೆಗೋ ಹೈದರಾಬಾದಿಗೋ ಹೊರಟರೆ ಈ ವಿನಾಯಿತಿ ಸಿಗುವುದಿಲ್ಲ. ಗಡಿ ದಾಟುವ ಮುಂಚೆ ಕೇಳಿಕೊಳ್ಳಿ. ವ್ಯಾಪಾರದ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಲಿ. ತಂಗಿ ಕಳಿಸಿದ ಹಣವನ್ನೂ ವ್ಯಾಪಾರವೆಂದು ಎಣಿಸಿದರೆ ಉತ್ತರ ಕೊಡಬೇಕಾದವರು ನೀವೇ.

ನೌಕರಿ ಯಾವಾಗ ಬಿಡಲಿ ಎಂದು ಕೇಳಿದ್ದೀರಿ. ಇಷ್ಟೆಲ್ಲ ಕೇಳಿ ನಾಳೆಯೇ ರಾಜೀನಾಮೆ ಬರೆದುಬಿಟ್ಟೀರಿ, ಬೇಡ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿ ಬರಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ, ಚಟ್ನಿಪುಡಿಗೆ ಆಗ ಬೇಡಿಕೆ ಇರುತ್ತದೆ. ಅಲ್ಲಿಯವರೆಗೆ ಪರಿಚಯವಿಲ್ಲದವರಿಗೆ, ನಗದಿಗೆ, ನಿಮ್ಮ ಕೂಲಿಯನ್ನೂ ಸೇರಿಸಿದ ಬೆಲೆಗೆ ಮಾರಿ. ಹಬ್ಬದ ನಂತರದ ಎರಡು ಸಪ್ಪೆ ತಿಂಗಳಲ್ಲೂ ಸಂಬಳದ ಅರ್ಧದಷ್ಟು ಕೈಗೆ ಬಂದರೆ, ಆರು ತಿಂಗಳ ಮನೆಖರ್ಚೂ ಮಗಳ ಕಾಲೇಜು ಫೀಯೂ ಬೇರೆಯಾಗಿ ಕೂಡಿದ್ದರೆ, ಬಿಡಿ. ಬರದಿದ್ದರೆ ವಾರಕ್ಕೆರಡು ದಿನದ ವ್ಯಾಪಾರವಾಗಿಯೇ ನಡೆಸಿ. ಅದಕ್ಕೂ ಯಾರ ಅಪ್ಪಣೆ ಬೇಕಾಗಿಲ್ಲ. ರೊಟ್ಟಿ ಬಡಿಯುವುದು ಕೀಳು ಎನ್ನುವವರಿಗೆ, ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಮಹಿಳಾ ಗುಂಪುಗಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂದು ಬ್ರ್ಯಾಂಡ್ ಕಟ್ಟಿರುವುದನ್ನು ಹೇಳಿ. ಅಧಿಕಾರಿಗಳು ಮಾಡಿದ್ದಾರೆ ಎಂದರೆ ನಮ್ಮ ಮಂದಿ ಒಪ್ಪುತ್ತಾರೆ.

ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ, ‘ಕಚೇರಿಗೆ ಒಂದು ಕಿಲೋ ಚಟ್ನಿಪುಡಿ ಕಳಿಸುತ್ತೇನೆ, ಬೇಡ ಅನ್ನಬೇಡಿ’ ಎಂದು ಬರೆದಿದ್ದೀರಿ. ಬೇಡ ಅನ್ನುವುದಿಲ್ಲ. ಬಿಲ್ ಜೊತೆಗಿರಲಿ, ಕೊರಿಯರ್ ಖರ್ಚನ್ನೂ ಸೇರಿಸಿ. ಎರಡು ಕಿಲೋ ಆದರೂ ನಡೆದೀತು.

— ಸಂ.