ಓದುಗರ ಪ್ರಶ್ನೆ: ಮೂತಿಯಲ್ಲಿ ಗನ್ನೇ ಇಲ್ಲದ ಟಾರ್ಪಿಡೋ ಬೋಟು

(ಉತ್ತರಿಸುವವರು: ನೌಕಾಪಡೆಯ ಗನ್ನರಿ ವಿಭಾಗದಿಂದ ನಿವೃತ್ತರಾಗಿ ಈಗ ಕೊಪ್ಪದಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ಅಂಕಣಕಾರರು)

ಪ್ರಶ್ನೆ: ಸರ್, ನನ್ನ ಮಗ ಎರಡನೇ ಮಹಾಯುದ್ಧದ ಜರ್ಮನ್ ಟಾರ್ಪಿಡೋ ಬೋಟಿನ ಪ್ಲಾಸ್ಟಿಕ್ ಮಾದರಿ ಜೋಡಿಸುತ್ತಿದ್ದಾನೆ. ನೋಡಿಕೊಳ್ಳಲು ಒಂದು ಹಳೇ ಫೋಟೋ ಸಿಕ್ಕಿದೆ. ಚಿಮಣಿ ಒಂದೇ. ಮುಂಭಾಗದಲ್ಲಿ ದೊಡ್ಡ ಗನ್ನೇ ಇಲ್ಲ, ಬಾಲದ ಕಡೆ ಮಾತ್ರ ಒಂದಿದೆ. ಮುಂದಿನದು ಯುದ್ಧದಲ್ಲಿ ಹಾರಿಹೋಗಿತ್ತೇ? ಹಿಂದಿರುವುದು ಪ್ರಸಿದ್ಧ 88 ಎಂಎಂ ಗನ್ನೇ ಅಲ್ವಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಹಾರಿಹೋಗಿಲ್ಲ, ಅಲ್ಲಿ ಇರಲೇ ಇಲ್ಲ. 88 ಕೂಡ ಅಲ್ಲ. ಜರ್ಮನ್ ಗನ್ ಕಂಡರೆ ಸಾಕು, 88 ಅಂದುಬಿಡುತ್ತಾರೆ. ಆ ಹೆಸರು ಮಾಡಿದ್ದು ನೆಲದ ಮೇಲಿನ ವಿಮಾನ ನಿರೋಧಕ ಗನ್. ಜರ್ಮನ್ ಸಬ್‌ಮರೀನ್‌ಗಳ ಡೆಕ್ ಮೇಲೂ 88 ಇತ್ತು ನಿಜ, ಆದರೆ ಅದು ಬೇರೆಯೇ ಗನ್. ನೆಲದ ಗನ್ನಿನ ಗುಂಡು ಅದಕ್ಕೆ ಹಿಡಿಸುವುದಿಲ್ಲ.

ನಿಮ್ಮದು ಟೈಪ್ 35 ಅಥವಾ ಅದರ ತಮ್ಮ ಟೈಪ್ 37. ಮೊದಲನೆಯವು ಟಿ1ರಿಂದ ಟಿ12, ಎರಡನೆಯವು ಟಿ13ರಿಂದ ಟಿ21. ಯುದ್ಧನೌಕೆಗಳಿಗೆ ಮಿತಿ ಹಾಕಿದ 1930ರ ಲಂಡನ್ ಒಪ್ಪಂದದಲ್ಲಿ 600 ಟನ್ನಿಗಿಂತ ಚಿಕ್ಕ ಹಡಗುಗಳಿಗೆ ಲೆಕ್ಕವಿರಲಿಲ್ಲ. ಆ ಸಂದಿಯಲ್ಲಿ ನುಸುಳಲು ನಕ್ಷೆ ಹಾಕಿದರು. ಕಟ್ಟಿ ಮುಗಿಸಿದಾಗ 800 ಟನ್ ದಾಟಿತ್ತು, ಅದು ಬೇರೆ ಮಾತು! ತಲಾ ಮೂರರ ಎರಡು ಗುಂಪಿನಲ್ಲಿ ಆರು ಟಾರ್ಪಿಡೋ ಕೊಳವೆ ಕೂರಿಸಿದ ಮೇಲೆ ದೊಡ್ಡ ಗನ್ನಿಗೆ ಉಳಿದದ್ದು ಬಾಲದ ಜಾಗ ಮಾತ್ರ. ಅಲ್ಲಿರುವುದು ನಳಿಗೆಯ ಬಾಯಿ 10.5 ಸೆಂಟಿಮೀಟರ್ ಅಗಲದ ಎಸ್‌ಕೆ ಸಿ/32 ಮಾದರಿಯ ಗನ್.

ಮಗನಿಗೆ ಒಂದು ಮಾತು ಹೇಳಿ. ಗನ್ ಗುರುತಿಸಲು ಮೊದಲು ಗನ್ ನೋಡಬಾರದು. ಹಡಗು ಯಾವುದು, ಗನ್ ಎಲ್ಲಿ ಕೂತಿದೆ, ಫೋಟೋ ಯಾವ ವರ್ಷದ್ದು, ಈ ಮೂರು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಎರಡು ಚಿಮಣಿ, ನಾಲ್ಕು ದೊಡ್ಡ ಗನ್, ಅದರಲ್ಲೊಂದು ಚಿಮಣಿಗಳ ನಡುವೆ ಇದ್ದರೆ ಅದು ಟೈಪ್ 39. ಟಿ22ರಿಂದ ಟಿ36ರವರೆಗಿನ ಹದಿನೈದು ಹಡಗುಗಳು. ಗನ್ ಮಾತ್ರ ಅದೇ 10.5. ಮುಂದೊಂದು, ಹಿಂದೆ ಒಂದರ ಮೇಲೊಂದರಂತೆ ಎರಡು ಇದ್ದರೆ 1920ರ ದಶಕದ ಹಳೇ ಹಡಗು. ಮೋವೆ, ಫಾಲ್ಕೆ, ವೋಲ್ಫ್, ಯಾಗುವಾರ್ ಎಂದು ಹಕ್ಕಿ ಮತ್ತು ಕಾಡುಪ್ರಾಣಿಗಳ ಹೆಸರಿನವು.

ಆಮೇಲೆ ಅಳತೆ. 10.5ರ ನಳಿಗೆ ಅದರ ಬಾಯಿಯ 45 ಪಟ್ಟು ಉದ್ದ, ಅಂದರೆ ಸುಮಾರು 4.7 ಮೀಟರ್. ಟೈಪ್ 35 ಹಡಗು 84 ಮೀಟರ್. ಪಕ್ಕದಿಂದ ತೆಗೆದ ಫೋಟೋ ಆದರೆ ಸ್ಕೇಲ್ ಇಟ್ಟು ನೋಡಿ, ಹದಿನೆಂಟರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಬರಬೇಕು. ನಳಿಗೆಯ ಹಿಂಭಾಗ ಕವಚದೊಳಗೆ ಅಡಗಿರುತ್ತದೆ, ಅದಕ್ಕೇ ಕಡಿಮೆ.

ಮೋಸ ಮಾಡುವುದು ಸಣ್ಣ ಗನ್ನುಗಳು. 3.7 ಸೆಂಟಿಮೀಟರಿನ ಸಿ/30 ಅಡಿಕೆ ದೋಟಿಯ ಹಾಗೆ ಸಪೂರ, ಬಾಯಿಯ 83 ಪಟ್ಟು ಉದ್ದ. ದೂರದಿಂದ ಭಾರೀ ಗನ್ ಅನ್ನಿಸುತ್ತದೆ. ಆದರೆ ಒಂದೊಂದೇ ಗುಂಡು ಕೈಯಲ್ಲಿ ತುಂಬಬೇಕು. ವಿಮಾನದ ಎದುರು ಇದನ್ನು ನೆಚ್ಚಿದವರ ಧೈರ್ಯ ಮೆಚ್ಚಬೇಕು. ನಾವು 40 ಎಂಎಂ ಬೋಫೋರ್ಸ್ ವಿಮಾನ ನಿರೋಧಕ ಗನ್ನಿನಲ್ಲಿ ನಾಲ್ಕು ಗುಂಡಿನ ಕ್ಲಿಪ್ಪು ಮೇಲಿಂದ ತುರುಕುತ್ತಾ ಹೋಗುತ್ತಿದ್ದೆವು. ಅದಕ್ಕೇ ಕೈ ಸೋಲುತ್ತಿತ್ತು. 2 ಸೆಂಟಿಮೀಟರಿನದಕ್ಕೆ ಇಪ್ಪತ್ತು ಗುಂಡಿನ ಪೆಟ್ಟಿಗೆ ಎಡಪಕ್ಕದಿಂದ ಸೇರುತ್ತದೆ. ಮೇಲೆ ದುಂಡನೆಯ ಡ್ರಮ್ ಕಂಡರೆ ಅದು ಓರ್ಲಿಕಾನ್ ಎಂಬ ಬೇರೆ ಗನ್. ಜರ್ಮನ್ 2 ಸೆಂಟಿಮೀಟರಿನದರಲ್ಲೇ ನಾಲ್ಕು ನಳಿಗೆಯದನ್ನು ಫಿರ್‌ಲಿಂಗ್ ಎನ್ನುತ್ತಾರೆ. ಮಗ 1939ರ ಹಡಗು ಮಾಡುತ್ತಿದ್ದರೆ ಅದನ್ನು ಅಂಟಿಸಬೇಡಿ ಎನ್ನಿ. ಯುದ್ಧ ಮುಂದುವರಿದು ವಿಮಾನದ ಕಾಟ ಜಾಸ್ತಿಯಾದ ಮೇಲೆ ಬಂದದ್ದು ಅದು.

ಪ್ರಶ್ನೆ: ನನ್ನ ಹತ್ತಿರವೂ ಒಂದು ಚಿತ್ರವಿದೆ. ಬೋಟು ತುಂಬಾ ಚಿಕ್ಕದು. ಮೂತಿಯಲ್ಲಿ ಹೊಂಡದಂಥ ಜಾಗದೊಳಗೆ ಗನ್ ಇದೆ, ಹಿಂದೆ ಇನ್ನೊಂದು ದೊಡ್ಡದು. ಇದೂ ಟಾರ್ಪಿಡೋ ಬೋಟೇ?
– ಸೊರಬದ ಓದುಗ

ಉತ್ತರ: ಟಾರ್ಪಿಡೋ ಬೋಟೇ, ಆದರೆ ಬೇರೆ ಜಾತಿ. ಇದು ಎಸ್-ಬೋಟ್. ಉದ್ದ ಸುಮಾರು 35 ಮೀಟರ್ ಅಷ್ಟೆ, ಡೀಸೆಲ್ ಎಂಜಿನ್ನಿನ ಓಟಗಾರ. ಹೊಂಡದಲ್ಲಿರುವುದು 2 ಸೆಂಟಿಮೀಟರಿನದು, ಅದರ ಎಡಬಲದಲ್ಲಿ ಒಂದೊಂದು ಟಾರ್ಪಿಡೋ ಕೊಳವೆ. ಹಿಂದಿನದರ ನಳಿಗೆಯ ಬುಡದಲ್ಲಿ ಸುರುಳಿ ಸ್ಪ್ರಿಂಗ್, ತುದಿಯಲ್ಲಿ ಕಹಳೆಯಂತೆ ಅಗಲವಾದ ಬಾಯಿ ಇದ್ದರೆ ಬೋಫೋರ್ಸ್ ಎಂದೇ ಹೇಳಬಹುದು. ಜರ್ಮನರು ಅದನ್ನು 4 ಸೆಂಟಿಮೀಟರ್ ಫ್ಲಾಕ್ 28 ಎಂದು ಕರೆದರು. ತಾವು ಹಿಡಿದ ನಾರ್ವೆಯಲ್ಲೂ ಮಾಡಿಸಿದರು.

ಪ್ರಶ್ನೆ: ಇಂಥ ಗನ್ ನಮ್ಮ ಕಡೆ ಎಲ್ಲಾದರೂ ನೋಡಲು ಸಿಗುತ್ತದೆಯೇ? ಕಾರವಾರದ ಹಡಗಿನಲ್ಲಿ ಇರುವುದು ಜರ್ಮನ್ನೇ?
– ಸಾಗರದ ಓದುಗರು

ಉತ್ತರ: ಅಲ್ಲ. ಕಾರವಾರದ ಕಡಲತೀರದಲ್ಲಿರುವ ಚಾಪೆಲ್ ಸೋವಿಯತ್ ಕಾಲದ ಕ್ಷಿಪಣಿ ಬೋಟು. ಅದರ ಗುಂಡನೆ ಮುಚ್ಚಿಗೆಯ ಜೋಡಿ ನಳಿಗೆ ಗನ್ನು 30 ಎಂಎಂನ ಎಕೆ-230. ಆದರೂ ಹೋಗಿ ಬನ್ನಿ. ಇಷ್ಟು ಚಿಕ್ಕ ಡೆಕ್ ಮೇಲೆ ಎಲ್ಲವನ್ನೂ ಹೇಗೆ ಕೂರಿಸುತ್ತಾರೆ ಎಂಬುದು ಹತ್ತಿ ನೋಡಿದರೆ ಗೊತ್ತಾಗುತ್ತದೆ. ಮಳೆಗಾಲ ಬೇಡ, ಘಾಟಿ ರಸ್ತೆಯ ಗತಿ ನಿಮಗೇ ಗೊತ್ತಲ್ಲ.