ಖಿನ್ನತೆಯ ಮಾತ್ರೆ ಹಿಡಿಸುತ್ತಿಲ್ಲ, ಜೀನ್ ಟೆಸ್ಟ್ ಮಾಡಿಸೋಣವೇ?

ಪ್ರಶ್ನೆ: ನಮ್ಮದು ತಿಪಟೂರು. ಅಣ್ಣನಿಗೆ 38 ವರ್ಷ, ಎರಡು ವರ್ಷದಿಂದ ಖಿನ್ನತೆ. ಮೊದಲು ಫ್ಲುಆಕ್ಸೆಟಿನ್ ಕೊಟ್ಟರು. ಮೂರು ವಾರವಾದರೂ ಗುಣ ಕಾಣಲಿಲ್ಲ ಅಂತ ಬಿಟ್ಟ. ಆಮೇಲೆ ಎಸ್ಸಿಟಾಲೊಪ್ರಾಮ್. 10 ಮಿ.ಗ್ರಾಂಗೇ ವಾಕರಿಕೆ, ಚಡಪಡಿಕೆ, ನಿದ್ದೆ ಇಲ್ಲ. ಅದನ್ನೂ ಬಿಟ್ಟ. ಈಗ ಒಂದು ತಿಂಗಳಿಂದ ಸರ್ಟ್ರಲಿನ್ 50 ಮಿ.ಗ್ರಾಂ. ಗ್ಯಾಸ್‌ಗೆ ಅಂತ ದಿನಾ ಒಮೆಪ್ರಜೋಲ್ ನುಂಗುತ್ತಾನೆ. ಎಂಜಲು ಕೊಟ್ಟರೆ ಸರಿಯಾದ ಮಾತ್ರೆ ಯಾವುದೆಂದು ಜೀನ್ ಟೆಸ್ಟ್ ಹೇಳುತ್ತದೆ ಅಂತ ತುಮಕೂರಿನ ಪರಿಚಯದವರು ಅಂದರು. ದುಡ್ಡು ಜಾಸ್ತಿ. ಮಾಡಿಸಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಮುಂದೆ ಬೇಕಾಗಬಹುದು.

ಯಾವ ಮಾತ್ರೆಯಿಂದ ಮನಸ್ಸು ಹಗುರಾಗುತ್ತದೆ ಅಂತ ಈ ಟೆಸ್ಟ್ ಹೇಳುವುದಿಲ್ಲ. ಮಾತ್ರೆಯನ್ನು ಲಿವರ್ ಎಷ್ಟು ಬೇಗ ಕರಗಿಸಿ ಹೊರಹಾಕುತ್ತದೆ ಎಂಬುದನ್ನು ಅಂದಾಜಿಸುತ್ತದೆ, ಅಷ್ಟೇ. ಮುಖ್ಯವಾಗಿ ನೋಡುವುದು ಸಿವೈಪಿ2ಡಿ6, ಸಿವೈಪಿ2ಸಿ19 ಎಂಬ ಎರಡು ಜೀನ್. ತಿಪಟೂರು ಮಾರ್ಕೆಟ್‌ನಲ್ಲಿ ಕೊಬ್ಬರಿ ಮೂಟೆ ಇಳಿಸುವ ಆಳು ಕಮ್ಮಿ ಇದ್ದರೆ ಲಾರಿ ಸಾಲುಗಟ್ಟುತ್ತವೆ ಅಲ್ವಾ, ಹಾಗೆ ಈ ಜೀನ್ ಮಂದವಾಗಿದ್ದರೆ ಔಷಧಿ ರಕ್ತದಲ್ಲಿ ಉಳಿದು ಹೆಚ್ಚಾಗುತ್ತದೆ. ಸಣ್ಣ ಡೋಸ್‌ಗೇ ತೊಂದರೆ ಶುರುವಾಗಬಹುದು. ಎಸ್ಸಿಟಾಲೊಪ್ರಾಮ್ ಕರಗುವುದು ಹೆಚ್ಚಾಗಿ 2ಸಿ19ರಿಂದ. ಅದು ಮಂದವಾಗಿರುವವರು ಯುರೋಪಿನವರಿಗಿಂತ ನಮ್ಮಲ್ಲಿ ಜಾಸ್ತಿ.

ಹಾಗಾದರೆ ಅಣ್ಣನಿಗೂ ಅದೇ ಇರಬಹುದಾ? ಇರಬಹುದು. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಮೆಪ್ರಜೋಲ್ ಮೇಲೆ. ಆ ಮಾತ್ರೆಯೇ 2ಸಿ19ರ ಕೆಲಸ ತಡೆಯುತ್ತದೆ. ಜೀನ್ ಸರಿ ಇದ್ದರೂ ದೇಹ ಮಂದ ಜೀನ್ ಇರುವವರ ಹಾಗೆ ನಡೆದುಕೊಳ್ಳಬಹುದು. ಟೆಸ್ಟ್ ರಿಪೋರ್ಟ್‌ನಲ್ಲಿ ಇದು ಕಾಣುವುದಿಲ್ಲ. ಗ್ಯಾಸ್ ಮಾತ್ರೆಯನ್ನು ಔಷಧಿ ಅಂತಲೇ ಎಣಿಸದವರು ನಮ್ಮಲ್ಲಿ ಬಹಳ, ಡಾಕ್ಟರ್ ಕೇಳಿದರೂ ಹೇಳುವುದಿಲ್ಲ! ಎಸ್ಸಿಟಾಲೊಪ್ರಾಮ್ ನಡೆಯುತ್ತಿದ್ದಾಗಲೂ ಅದು ಇತ್ತಾ ಅಂತ ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಪ್ಯಾಂಟೊಪ್ರಜೋಲ್‌ನಲ್ಲಿ ಈ ತೊಂದರೆ ಕಮ್ಮಿ. ನೀವಾಗೇ ಬದಲಾಯಿಸಬೇಡಿ.

ಇನ್ನೊಂದು ಮಾತು. ಎರಡು ಔಷಧಿಯನ್ನಾದರೂ ಸಾಕಷ್ಟು ಡೋಸ್‌ನಲ್ಲಿ, ತಲಾ ಆರು ವಾರವಾದರೂ ತೆಗೆದುಕೊಂಡು ಗುಣ ಕಾಣದಿದ್ದರೆ ಮಾತ್ರ ಅದನ್ನು ಹಠಮಾರಿ ಖಿನ್ನತೆ ಅನ್ನುತ್ತೇವೆ. ಅಣ್ಣ ಒಂದನ್ನೂ ಪೂರ್ತಿ ಮಾಡಿಲ್ಲ. ಸರ್ಟ್ರಲಿನ್ 50 ಶುರುವಿನ ಡೋಸ್, ಏರಿಸಲು ಜಾಗ ಇದೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿ. ಕುಡಿತ ಇದ್ದರೆ ಮುಚ್ಚಿಡಬೇಡಿ. ಯಾವಾಗಲಾದರೂ ಕೆಲವು ದಿನ ನಿದ್ದೆಯೇ ಬೇಡವೆನ್ನುವಷ್ಟು ಹುರುಪು ಬಂದಿತ್ತಾ ಅನ್ನುವುದನ್ನೂ ತಿಳಿಸಿ. ಅದು ಬೈಪೋಲಾರ್ (ಖಿನ್ನತೆಯೂ ಅತಿ ಹುರುಪೂ ಬಂದು ಹೋಗುವ ಕಾಯಿಲೆ) ಆದರೆ ಚಿಕಿತ್ಸೆಯೇ ಬೇರೆ.

ಅಮೆರಿಕದಲ್ಲಿ 1,944 ಮಾಜಿ ಸೈನಿಕರ ಮೇಲೆ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಟೆಸ್ಟ್ ನೋಡಿ ಔಷಧಿ ಪಡೆದವರು, ಟೆಸ್ಟ್ ನೋಡದೆ ಪಡೆದವರಿಗಿಂತ ಶುರುವಿನಲ್ಲಿ ತುಸು ಜಾಸ್ತಿ ಗುಣವಾದರು. 24ನೇ ವಾರಕ್ಕೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ದುಬಾರಿ ಟೆಸ್ಟ್‌ಗೆ ಇಷ್ಟು ಲಾಭ ಸಾಲದು ಅಂತ ನನಗನ್ನಿಸುತ್ತದೆ.

ಸಾಯುವ ಮಾತು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಗ್ಯಾಸ್ ಮಾತ್ರೆ ಬದಲಾದ ಮೇಲೂ ಕಡಿಮೆ ಡೋಸ್‌ಗೇ ತೊಂದರೆಯಾದರೆ ಆಗ ಟೆಸ್ಟ್ ಮಾಡಿಸಿ. ರಿಪೋರ್ಟ್ ಜೋಪಾನವಾಗಿಡಿ. ಜೀನ್ ಬದಲಾಗುವುದಿಲ್ಲ. ಹೃದಯಕ್ಕೆ ಕೊಡುವ ಕ್ಲೊಪಿಡೊಗ್ರೆಲ್ ಕೆಲಸ ಮಾಡಲೂ ಇದೇ 2ಸಿ19 ಬೇಕು, ಮುಂದೆಂದಾದರೂ ಆ ಡಾಕ್ಟರಿಗೂ ತೋರಿಸಬಹುದು.