ಅಮ್ಮನ ಫೈಬ್ರೊಮಯಾಲ್ಜಿಯಾ: ಮಾತ್ರೆಯೋ, ವ್ಯಾಯಾಮವೋ?

ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋಯುವ ದೀರ್ಘಕಾಲದ ಕಾಯಿಲೆ ಇರುವ ಅಮ್ಮನಿಗೆ ನರನೋವಿನ ಮಾತ್ರೆ ಪ್ರಿಗಾಬಲಿನ್ ಮುಂದುವರಿಸಬೇಕಾ, ಬಿಟ್ಟು ಯೋಗಕ್ಕೆ ಸೇರಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಮಾತ್ರೆ ಏಕಾಏಕಿ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಆ ಮಾತ್ರೆ ಕೆಲವರಿಗೆ ಚೆನ್ನಾಗಿ ಹಿಡಿಸುತ್ತೆ, ಕೆಲವರಿಗೆ ತಲೆಸುತ್ತು, ತೂಕ ಹೆಚ್ಚಳದ ಕಾಟ. ನಿದ್ದೆಯೇ ದೊಡ್ಡ ತೊಂದರೆಯಾದರೆ ರಾತ್ರಿ ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್, ಮನಸ್ಸೂ ಕುಗ್ಗಿದ್ದರೆ ಡುಲೋಕ್ಸೆಟಿನ್ ಆಗಬಹುದಾ ಅಂತ ವೈದ್ಯರನ್ನೇ ಕೇಳಿ.

ಯುರೋಪಿನ ಸಂಧಿವಾತ ತಜ್ಞರ 2016ರ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಆದರೆ ಮೊದಲ ದಿನವೇ ಅರ್ಧ ಗಂಟೆ ನಡೆಸಿದರೆ ಮರುದಿನ ಹಾಸಿಗೆಯಿಂದ ಏಳಲಾಗದೆ ಕೈಬಿಟ್ಟಾರು. ಐದು ನಿಮಿಷದಿಂದ ಶುರುಮಾಡಿ, ನಿಧಾನಕ್ಕೆ ಏರಿಸಿ. ನೋವು ಕಮ್ಮಿಯಿದ್ದ ದಿನ ಬಾಕಿಯಿರೋ ಮನೆಗೆಲಸವನ್ನೆಲ್ಲ ಒಟ್ಟಿಗೆ ಮುಗಿಸೋಕೆ ಬಿಡಬೇಡಿ. ನೆಲ ಒರೆಸೋದು, ಬಕೆಟ್ ಎತ್ತೋದು ನೀವೇ ವಹಿಸಿಕೊಳ್ಳಿ. ರಿಪೋರ್ಟ್ ನಾರ್ಮಲ್ ಬಂತು ಅಂತ ಮನೆಯಲ್ಲಿ ಯಾರೂ ಅವರ ನೋವನ್ನು ಸುಳ್ಳು ಅನ್ನದಿರಲಿ.